ದೀಪ ಉರಿದರೆ ಗಾಳಿ ನೋಡಿರಿ, ದೈವವನ್ನು ದೂರಬೇಡಿರಿ

ಹೆದ್ದಾರಿಯಲ್ಲಿ ಮೋಟಾರು ಗಾಡಿಯ ಟೈರು ಒಡೆದು ಅನರ್ಥ ಸಂಭವಿಸಿದಾಗ 'ವಿಧಿಲಿಖಿತ' ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವುದು ನಮ್ಮವರಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಗಲಿದವರ ಮನೆಯವರಿಗೆ ಸಾಂತ್ವನ ಹೇಳುವುದಕ್ಕೆ ಈ ಮಾತು ಉಪಯೋಗಕ್ಕೆ ಬರಬಹುದು. ಆದರೆ ಬದುಕಿರುವವರ ಹೊಣೆಯನ್ನು ಮರೆಸುವುದಕ್ಕೆ ಅದನ್ನು ಬಳಸತೊಡಗಿದರೆ ಅದು ಶುದ್ಧ ಅನ್ಯಾಯ. ಮುಂಬಯಿಯ ಉಚ್ಚ ನ್ಯಾಯಾಲಯವು 2023ರಲ್ಲಿ ಕೊಟ್ಟ ತೀರ್ಪೊಂದು ಈ ಅನ್ಯಾಯದ ಬುಡಕ್ಕೇ ಕೊಡಲಿಯಿಟ್ಟಿದೆ. 2010ನೆಯ ಇಸವಿಯ ಅಕ್ಟೋಬರ್ 25ರಂದು ಪುಣೆಯಿಂದ ಮುಂಬಯಿಗೆ ಬರುತ್ತಿದ್ದ ಕಾರೊಂದರ ಹಿಂಬದಿಯ ಟೈರು ಒಡೆದು, ಗಾಡಿ ಹಳ್ಳಕ್ಕೆ ಉರುಳಿ, ಅದರಲ್ಲಿದ್ದವರೊಬ್ಬರು ಮೃತಪಟ್ಟಿದ್ದರು. ಅವರ ಕುಟುಂಬಕ್ಕೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಅಪಘಾತ ನ್ಯಾಯಮಂಡಳಿ 2016ರಲ್ಲಿ ಆಜ್ಞಾಪಿಸಿತು. ವಿಮಾ ಕಂಪನಿಯವರು ಟೈರು ಒಡೆದುದು ದೈವಕೃತ್ಯವೆಂದೂ ಅದಕ್ಕೆ ಚಾಲಕನು ಹೊಣೆಯಲ್ಲವೆಂದೂ ವಾದಿಸಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿತು. ಮನುಷ್ಯನ ಅಂಕೆಗೆ ಸಿಕ್ಕದ ಪ್ರಕೃತಿಯ ಕೋಪಕ್ಕೆ ಮಾತ್ರ ದೈವಕೃತ್ಯವೆಂಬ ಹೆಸರು ಸಲ್ಲುತ್ತದೆ. ಟೈರು ಒಡೆಯುವುದು ಮನುಷ್ಯನ ಅಜಾಗ್ರತೆಯ ಫಲ. ಹೊರಡುವ ಮೊದಲು ಟೈರುಗಳ ಸ್ಥಿತಿಯನ್ನು ನೋಡಿಕೊಳ್ಳುವುದು ಗಾಡಿಯವನ ಕರ್ತವ್ಯ ಎಂಬುದು ಆ ತೀರ್ಪಿನ ತಾತ್ಪರ್ಯ.

ಕಾರು ಇಟ್ಟುಕೊಳ್ಳುವಷ್ಟು ಅನುಕೂಲವಿಲ್ಲದ ಹೊಟೇಲು ಕಾರ್ಮಿಕರಿಗೂ ಗುಮಾಸ್ತರಿಗೂ ಈ ವಿಷಯದಿಂದ ಆಗಬೇಕಾದುದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆಗಬೇಕಾದುದು ಬಹಳವಿದೆ. ಚೌತಿಗೆ, ದಸರೆಗೆ, ಊರಿನ ನೇಮ-ಕೋಲಗಳಿಗೆ, ತಂಗಿಯ ಮದುವೆಗೆ, ತಾಯಿಯ ಕಾಯಿಲೆಗೆ ಎಂದು ಆರೇಳು ಮಂದಿ ಕೂಡಿ ಬಾಡಿಗೆಯ ಗಾಡಿ ಗೊತ್ತುಮಾಡಿಕೊಂಡು ಹೊರಡುವವರು ನಾವೇ. ರೈಲಿನ ಟಿಕೆಟು ಸಿಕ್ಕದಾಗ ಒಂಬೈನೂರು ಕಿಲೋಮೀಟರಿನ ಹಾದಿಯನ್ನು ಒಂದೇ ರಾತ್ರಿ ಒಂದು ಹಗಲಿನಲ್ಲಿ ಮುಗಿಸಬೇಕೆಂದು ಚಾಲಕನನ್ನು ಅವಸರಪಡಿಸುವವರೂ ನಾವೇ. ಗಾಡಿಯ ನೆತ್ತಿಯ ಮೇಲೆ ಗಂಟುಮೂಟೆಗಳನ್ನು ಪೇರಿಸುವವರೂ ನಾವೇ. ಹೊಟೇಲಿನ ಕೆಲಸ ಬಿಟ್ಟು ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವ ನಮ್ಮ ಬಾಂಧವರೂ ಇದ್ದಾರೆ. ಹೀಗಿರುವಲ್ಲಿ ಗಾಡಿ ಯಾರದೇ ಆಗಿರಲಿ, ಅದರ ನಾಲ್ಕು ಚಕ್ರಗಳ ಮೇಲೆ ಕುಳಿತಿರುವ ಪ್ರಾಣ ನಮ್ಮದು. ಆದುದರಿಂದ ಆ ಚಕ್ರಗಳ ಸಂಗತಿಯನ್ನು ತಿಳಿದುಕೊಳ್ಳುವುದು ನಮಗೆ ಅನಗತ್ಯವೆನ್ನಲಾಗದು.

ಹಳದಿ ದೀಪದ ಹುಟ್ಟು

ಇತ್ತೀಚಿನ ವರ್ಷಗಳಲ್ಲಿ ಬಂದ ಅನೇಕ ಕಾರುಗಳಲ್ಲಿ ಚಾಲಕನ ಎದುರಿನ ಫಲಕದ ಮೇಲೆ ಒಂದು ಸಣ್ಣ ಹಳದಿ ದೀಪವಿರುತ್ತದೆ. ಕುದುರೆಯ ಲಾಳವನ್ನು ಮೇಲ್ಮುಖವಾಗಿಟ್ಟಂತೆ ಅದರ ಆಕಾರ. ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರುಗಳ ಗಾಳಿಯ ಒತ್ತಡವನ್ನು ಸದಾ ಗಮನಿಸುತ್ತಿರುವ ಯಂತ್ರವ್ಯವಸ್ಥೆಯೊಂದರ ನಾಲಗೆ ಅದು. ಮೋಟಾರು ಕಸಬಿನವರು ಈ ವ್ಯವಸ್ಥೆಯನ್ನು 'ಟಿ.ಪಿ.ಎಂ.ಎಸ್.' ಎಂಬ ಅಕ್ಷರಗಳಿಂದ ಕರೆಯುತ್ತಾರೆ. 1986ರಲ್ಲಿ ಜರ್ಮನಿಯ ಪೋರ್ಷೆ 959 ಎಂಬ ಬೆಲೆಬಾಳುವ ಕಾರಿನಲ್ಲಿ ಶ್ರೀಮಂತರ ಸೌಕರ್ಯವಾಗಿ ಕಾಣಿಸಿಕೊಂಡ ಈ ಉಪಕರಣ ಸಾಮಾನ್ಯರ ಗಾಡಿಗೆ ಇಳಿದುಬಂದುದಕ್ಕೆ ಕಾರಣ ಮಾತ್ರ ಸೌಕರ್ಯವಲ್ಲ, ಸಾವು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳು ಓಟದಲ್ಲಿಯೇ ಪದರ ಬಿಟ್ಟು, ಗಾಡಿಗಳು ಮಗುಚಿ, ಇನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. 2000ದ ಆಗಸ್ಟಿನಲ್ಲಿ ಕಂಪನಿಯು ಲಕ್ಷಗಟ್ಟಲೆ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ಕಾನೂನು ಮಾಡಿತು. 2007ರ ಸೆಪ್ಟೆಂಬರಿನ ಅನಂತರ ಅಲ್ಲಿ ತಯಾರಾಗುವ ಪ್ರತಿಯೊಂದು ಹೊಸ ಕಾರಿಗೂ ಈ ದೀಪ ಕಡ್ಡಾಯವಾಯಿತು. ಯುರೋಪಿನ ದೇಶಗಳಲ್ಲಿ 2014ರ ನವೆಂಬರಿನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಇದೇ ಕಟ್ಟಳೆ ಬಂತು.

ನಮ್ಮ ದೇಶದಲ್ಲಿ ಸರಕಾರವು 2020ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಟ್ಯೂಬಿಲ್ಲದ ಟೈರುಗಳೂ ಒತ್ತಡ ನೋಡುವ ಈ ವ್ಯವಸ್ಥೆಯೂ ತೂತು ಮುಚ್ಚುವ ಸಾಮಗ್ರಿಯೂ ಇರುವ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಸಾಕೆಂದು ವಿನಾಯಿತಿ ಕೊಟ್ಟಿತು. ಇದರ ಅರ್ಥವನ್ನು ಗಮನಿಸಬೇಕು. ಇಂಥ ಗಾಡಿಯಲ್ಲಿ ಐದನೆಯ ಚಕ್ರದ ಜಾಗದಲ್ಲಿ ಈ ದೀಪವೇ ಕುಳಿತಿದೆ. ಅಲ್ಲಿ ದೀಪ ಕೆಟ್ಟಿದ್ದರೆ ಗಾಡಿಗೆ ಸ್ಟೆಪ್ನಿಯೂ ಇಲ್ಲ, ಕಾವಲುಗಾರನೂ ಇಲ್ಲ. ಇಷ್ಟಿದ್ದೂ ಕೆಟ್ಟ ದೀಪವನ್ನು ಕೆಟ್ಟ ರೇಡಿಯೋದಷ್ಟೇ ಹಗುರವಾಗಿ ಕಾಣುವ ಮಾಲಿಕರು ಎಷ್ಟೋ ಮಂದಿ ಇದ್ದಾರೆ.

ಗಾಳಿ ಕಡಮೆಯಾದರೆ ಕೆಡುವುದೇನು?

ಟೈರು ಒಡೆಯುವುದು ಗಾಳಿ ಹೆಚ್ಚಾದುದರಿಂದ ಎಂಬ ನಂಬಿಕೆ ಬಲವಾಗಿದೆ. ಬೇಸಗೆಯಲ್ಲಿ ದೂರ ಹೊರಡುವಾಗ ಎರಡು ಪೌಂಡು ಕಡಮೆ ಹಾಕಿಸುವ ಚಾಲಕರೂ, ಓಡಿ ಬಿಸಿಯಾದ ಟೈರಿನಿಂದ ದಾರಿಯಲ್ಲಿ ಗಾಳಿ ಬಿಡಿಸುವವರೂ ಈ ನಂಬಿಕೆಯ ಶಿಷ್ಯರು. ವಸ್ತುಸ್ಥಿತಿ ಹೆಚ್ಚಾಗಿ ಇದಕ್ಕೆ ವಿರುದ್ಧವಾಗಿದೆ. ಗಾಡಿಯ ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. ಗಾಳಿ ಕಡಮೆಯಾದಾಗ ಟೈರಿನ ಪಕ್ಕಗಳು ಪ್ರತಿಯೊಂದು ಸುತ್ತಿನಲ್ಲಿಯೂ ಅಳತೆಮೀರಿ ಬಾಗಿ ನೆಟ್ಟಗಾಗುತ್ತವೆ. ತಂತಿಯನ್ನು ಒಂದೇ ಕಡೆ ಹತ್ತಾರು ಸಲ ಬಗ್ಗಿಸಿದರೆ ಅದು ಬಿಸಿಯಾಗಿ ತುಂಡಾಗುವುದಿಲ್ಲವೇ? ಟೈರಿನ ಒಳಗಿನ ನೂಲುಗಳಿಗೂ ಪದರಗಳಿಗೂ ಅದೇ ಗತಿ. ಕಾಂಕ್ರೀಟಿನ ಬಿಸಿ ರಸ್ತೆ, ಹೇರಿದ ಭಾರ, ಅತಿಯಾದ ವೇಗ, ಇವುಗಳ ಜೊತೆಗೆ ಕಡಮೆ ಗಾಳಿಯೂ ಸೇರಿದರೆ ಒಳಗಿನ ಶಾಖ ಏರುತ್ತ ಹೋಗಿ ಕೊನೆಗೆ ಟೈರು ಸೀಳುತ್ತದೆ. ಬಿಸಿಯಾದ ಟೈರಿನಿಂದ ಗಾಳಿ ಬಿಡುವುದೆಂದರೆ ಅದು ತಣ್ಣಗಾದಾಗ ಇನ್ನಷ್ಟು ಬಡವಾಗುವಂತೆ ಮಾಡಿದಂತೆಯೇ ಸರಿ.

ಎಷ್ಟು ಗಾಳಿ ಬೇಕೆಂಬುದನ್ನು ಕಾರು ತಯಾರಿಸಿದವರು ಚಾಲಕನ ಬಾಗಿಲಿನ ಕಂಬದ ಮೇಲೆ, ಇಲ್ಲವೇ ಪೆಟ್ರೋಲು ಮುಚ್ಚಳದ ಒಳಮೈಯಲ್ಲಿ ಚೀಟಿಯಂಟಿಸಿ ತಿಳಿಸಿರುತ್ತಾರೆ. ಅನೇಕ ಗಾಡಿಗಳಲ್ಲಿ ಆ ಚೀಟಿಯಲ್ಲಿ ಎರಡು ಲೆಕ್ಕಗಳಿರುತ್ತವೆ: ಇಬ್ಬರು ಮೂವರು ಕುಳಿತಾಗ ಒಂದು, ಪೂರ್ಣ ಭಾರಕ್ಕೆ ಇನ್ನೊಂದು. ಊರಿಗೆ ಹೊರಡುವ ನಮ್ಮಂಥವರ ಗಾಡಿಗೆ ಎರಡನೆಯ ಲೆಕ್ಕವೇ ಅನ್ವಯಿಸುತ್ತದೆ. ಟೈರಿನ ಪಕ್ಕದ ಮೇಲೆ ಅಚ್ಚಾಗಿರುವ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ. ಗಾಳಿಯನ್ನು ಅಳೆಯುವುದು ಟೈರು ತಣ್ಣಗಿರುವಾಗ, ಅಂದರೆ ಗಾಡಿ ಮೂರು ಗಂಟೆಯಾದರೂ ನಿಂತಿದ್ದ ಮೇಲೆ. ಹವೆಯ ಪ್ರಭಾವವೂ ಅಲ್ಪವಲ್ಲ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು ಎರಡು ಪೌಂಡು ಇಳಿಯುತ್ತದೆ. ದಿಲ್ಲಿಯಲ್ಲಿ ಅಕ್ಟೋಬರಿನ ಮೂವತ್ತು ಡಿಗ್ರಿಯ ಹಗಲಿನಲ್ಲಿ 32 ಪೌಂಡು ತುಂಬಿಸಿದ ಟೈರು ಜನವರಿಯ ಐದು ಡಿಗ್ರಿಯ ಮುಂಜಾವಿನಲ್ಲಿ, ಒಂದಿಷ್ಟೂ ಸೋರದಿದ್ದರೂ, 28 ಪೌಂಡಿನ ಆಸುಪಾಸಿಗೆ ಇಳಿದಿರುತ್ತದೆ. ಚಳಿಗಾಲದ ಬೆಳಗಿನಲ್ಲಿ ದೀಪ ಉರಿದು ಮಧ್ಯಾಹ್ನಕ್ಕೆ ತಾನಾಗಿ ಆರಿದರೆ ಯಂತ್ರಕ್ಕೆ ಹುಚ್ಚು ಹಿಡಿದಿಲ್ಲ. ಟೈರಿನಲ್ಲಿ ಗಾಳಿ ಅಂಚಿಗೆ ಬಂದಿದೆ ಎಂದೇ ತಿಳಿಯತಕ್ಕದ್ದು.

ಇನ್ನೊಂದು ಮಾತು. ಅಮೆರಿಕದ ಕಟ್ಟಳೆಯಂತೆ ಚೀಟಿಯಲ್ಲಿ ಹೇಳಿದ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಕಡಮೆಯಾಗುವಷ್ಟರಲ್ಲಿ ದೀಪ ಉರಿಯಬೇಕು. ಆ ಲೆಕ್ಕದಲ್ಲಿ 32 ಪೌಂಡಿನ ಟೈರು 24ಕ್ಕೆ ಇಳಿಯುವ ತನಕ ದೀಪ ಮೌನವಾಗಿರಲೂಬಹುದು. ಆದುದರಿಂದ ದೀಪ ಆರಿದೆ ಎಂದ ಮಾತ್ರಕ್ಕೆ ಗಾಳಿ ಸರಿಯಾಗಿದೆ ಎಂದಲ್ಲ. ಉರಿದುದಾದರೆ ಮಾತ್ರ ತಡಮಾಡುವಂತಿಲ್ಲ.

ರೋಗ ಯಾವುದು, ನೋವು ಎಲ್ಲಿ?

ಈ ವ್ಯವಸ್ಥೆಯಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪ್ರತಿಯೊಂದು ಚಕ್ರದ ಒಳಗೂ, ಗಾಳಿ ತುಂಬುವ ವಾಲ್ವಿನ ಬುಡಕ್ಕೆ ಅಂಟಿಕೊಂಡು, ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದರೊಳಗೊಂದು ಬ್ಯಾಟರಿ. ಚಕ್ರ ಉರುಳತೊಡಗಿದೊಡನೆ ಅದು ಒತ್ತಡವನ್ನು ಅಳೆದು, ತನ್ನ ಗುರುತಿನ ಸಂಖ್ಯೆಯೊಡನೆ ರೇಡಿಯೋ ಅಲೆಗಳ ಮೂಲಕ ಗಾಡಿಯ ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ಎರಡನೆಯ ಬಗೆಯಲ್ಲಿ ಸೆನ್ಸರು ಟೈರಿನೊಳಗೆ ಇಲ್ಲವೇ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕುಗ್ಗುವುದರಿಂದ ಅದು ಉಳಿದ ಮೂರಕ್ಕಿಂತ ಬೇಗನೆ ತಿರುಗುತ್ತದೆ. ಬ್ರೇಕಿಗಾಗಿ ಮೊದಲೇ ಅಳವಡಿಸಿರುವ ಚಕ್ರವೇಗದ ಸೆನ್ಸರುಗಳಿಂದ ಈ ವ್ಯತ್ಯಾಸವನ್ನು ಹಿಡಿದು ಗಾಡಿಯು ದೀಪ ಹೊತ್ತಿಸುತ್ತದೆ. ಇದು ಅಗ್ಗದ ಉಪಾಯ. ಆದರೆ ನಾಲ್ಕೂ ಟೈರುಗಳು ಸಮನಾಗಿ ಇಳಿದರೆ ಈ ಬಗೆಯ ಹಳೆಯ ಯಂತ್ರಗಳಿಗೆ ತಿಳಿಯುವುದಿಲ್ಲ.

ದೀಪ ಉರಿದಾಗ ಮೊದಲು ನೋಡಬೇಕಾದುದು ಅದು ಉರಿಯುವ ರೀತಿಯನ್ನು. ಗಾಡಿ ಚಾಲೂ ಮಾಡಿದಾಗ ಒಂದು ಕ್ಷಣ ಹೊತ್ತಿ ಆರಿದರೆ ಅದು ಸಹಜ. ಆರದೆ ನಿಶ್ಚಲವಾಗಿ ಉರಿಯುತ್ತಿದ್ದರೆ ಯಾವುದೋ ಟೈರಿನಲ್ಲಿ ಗಾಳಿ ಕಡಮೆ ಎಂದರ್ಥ. ಒಂದು ಒಂದೂವರೆ ನಿಮಿಷ ಮಿಣುಕಿ, ಅನಂತರ ನಿಶ್ಚಲವಾಗಿ ನಿಂತರೆ ಬಹುಮಟ್ಟಿಗೆ ರೋಗ ಟೈರಿನದಲ್ಲ, ಯಂತ್ರದ್ದು. ಈ ಒಂದು ಭೇದವನ್ನು ತಿಳಿದಿದ್ದರೆ ಅರ್ಧ ಖರ್ಚು ಉಳಿಯುತ್ತದೆ.

ನಿಶ್ಚಲ ದೀಪಕ್ಕೆ ಮದ್ದು ಕೈಯ ಗೇಜು. ನಾಲ್ಕೂ ಟೈರುಗಳನ್ನು, ಸ್ಟೆಪ್ನಿ ಇದ್ದರೆ ಅದನ್ನೂ, ತಣ್ಣಗಿರುವಾಗ ಅಳೆದು ಚೀಟಿಯಲ್ಲಿರುವಷ್ಟು ತುಂಬಬೇಕು. ಮೊದಲನೆಯ ಬಗೆಯ ಗಾಡಿಯಾದರೆ ಕೆಲವು ನಿಮಿಷ ಓಡಿಸಿದಾಗ ದೀಪ ತಾನೇ ಆರುತ್ತದೆ. ಎರಡನೆಯ ಬಗೆಯದಾದರೆ ಗಾಳಿ ಸರಿಮಾಡಿದ ಮೇಲೆ ಗುಂಡಿಯೊತ್ತಿ, 'ಇದೇ ಸರಿಯಾದ ಸ್ಥಿತಿ' ಎಂದು ಯಂತ್ರಕ್ಕೆ ಕಲಿಸಿ, ಸ್ವಲ್ಪ ದೂರ ಓಡಿಸಬೇಕು. ಒಂದೇ ಟೈರು ಎರಡು ಮೂರು ದಿನಗಳಲ್ಲಿ ಮತ್ತೆ ಇಳಿದರೆ ಅಲ್ಲಿ ಸಣ್ಣ ತೂತಿದೆ. ಸಾಬೂನಿನ ನೀರನ್ನು ಹಚ್ಚಿ ಗುಳ್ಳೆ ಏಳುವ ಕಡೆಯನ್ನು ಹುಡುಕಬೇಕು: ಮೊಳೆ ಚುಚ್ಚಿದ ಜಾಗ, ವಾಲ್ವಿನ ಬಾಯಿ, ಅದರ ಬುಡ, ರಿಮ್ಮಿನ ಅಂಚು. ಇಷ್ಟಕ್ಕೆ ತಜ್ಞನೇ ಬೇಕೆಂದಿಲ್ಲ. ಒಂದು ಬಾಲ್ದಿ ನೀರು, ಒಂದು ಬಟ್ಟೆ ಸಾಬೂನು, ಎರಡು ಕಣ್ಣು ಸಾಕು.

ಮಿಣುಕುವ ದೀಪದ ವಿಷಯ ಬೇರೆ. ಅಲ್ಲಿ ಸಂಶಯ ಹೋಗಬೇಕಾದುದು ಮೊದಲು ಸೆನ್ಸರಿನ ಬ್ಯಾಟರಿಯ ಮೇಲೆ. ಅದರ ಆಯುಸ್ಸು ಐದರಿಂದ ಹತ್ತು ವರ್ಷ. ಸಾಮಾನ್ಯವಾಗಿ ಅದನ್ನು ಬಿಡಿಸಿ ಬದಲಿಸುವಂತಿಲ್ಲ. ಅರಗಿನಂಥ ಪದಾರ್ಥ ಹೊಯ್ದು ಮುಚ್ಚಿರುವುದರಿಂದ ಸೆನ್ಸರನ್ನೇ ಬದಲಿಸಬೇಕು. ಎರಡನೆಯದಾಗಿ, ಇತ್ತೀಚೆಗೆ ಟೈರು ಬಿಚ್ಚಿಸಿದ್ದರೆ ಪಂಕ್ಚರ್ ಅಂಗಡಿಯವನ ಹಾರೆಯೋ ಯಂತ್ರದ ಒತ್ತುಗಾಲೋ ಸೆನ್ಸರನ್ನು ಮುರಿದಿರಬಹುದು. ಮೂರನೆಯದಾಗಿ, ಹೊಸ ಸೆನ್ಸರಿನ ಗುರುತಿನ ಸಂಖ್ಯೆಯನ್ನು ಗಾಡಿಗೆ ಪರಿಚಯಿಸದೆ ಬಿಟ್ಟಿರಬಹುದು. ನಾಲ್ಕನೆಯದಾಗಿ, ಸುದ್ದಿ ಕೇಳುವ ಗ್ರಾಹಕಕ್ಕೆ ಸೇರಿದ ಫ್ಯೂಸೋ ತಂತಿಯೋ ಕೆಟ್ಟಿರಬಹುದು. ಇವುಗಳಲ್ಲಿ ಯಾವುದೆಂದು ಊಹಿಸಬೇಕಾಗಿಲ್ಲ. ಇದಕ್ಕೆಂದೇ ಕೈಯಲ್ಲಿ ಹಿಡಿಯುವ ಉಪಕರಣವಿದೆ. ವಾಲ್ವಿನ ಹತ್ತಿರ ಹಿಡಿದು ಗುಂಡಿಯೊತ್ತಿದರೆ ಆ ಚಕ್ರದ ಸೆನ್ಸರು ಎಚ್ಚೆತ್ತು ತನ್ನ ಸಂಖ್ಯೆಯನ್ನೂ ಒತ್ತಡವನ್ನೂ, ಹಲವು ಬಗೆಗಳಲ್ಲಿ ಬ್ಯಾಟರಿಯ ಸ್ಥಿತಿಯನ್ನೂ ಹೇಳುತ್ತದೆ. ಹಾಜರಿ ಕರೆದಂತೆಯೇ ಇದು. ಮೂರು ಚಕ್ರ 'ಇದ್ದೇನೆ' ಎಂದು ಒಂದು ಮೌನವಾಗಿದ್ದರೆ ದೋಷ ಆ ಒಂದರಲ್ಲಿ. ನಾಲ್ಕೂ ಉತ್ತರ ಕೊಟ್ಟರೂ ಗಾಡಿಗೆ ಕೇಳಿಸದಿದ್ದರೆ ದೋಷ ಕೇಳುವ ಕಡೆಯಲ್ಲಿ. ಆಗ ನಾಲ್ಕು ಸೆನ್ಸರುಗಳನ್ನು ಬದಲಿಸಿ ಹಣ ತೆತ್ತರೂ ದೀಪ ಆರುವುದಿಲ್ಲ.

ದುರಸ್ತಿಯಲ್ಲಿಯೂ ಸಣ್ಣದೆಂದು ಬಿಡಬಾರದ ಅಂಶಗಳುಂಟು. ಸೆನ್ಸರು ಬದಲಿಸುವಾಗ ಬುಡದ ರಬ್ಬರು ಮುದ್ರೆಯನ್ನೂ ಹೊಸದು ಹಾಕಬೇಕು. ಅಲ್ಯುಮಿನಿಯಮ್ ವಾಲ್ವಿನೊಳಗೆ ನಿಕ್ಕಲ್ ಲೇಪದ ಪಿನ್ನನ್ನೇ ಕೂಡಿಸಬೇಕು. ಬರಿಯ ಹಿತ್ತಾಳೆಯ ಪಿನ್ನು ಹಾಕಿದರೆ ತೇವದಲ್ಲಿ ಎರಡು ಲೋಹಗಳೂ ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಮುಂಬಯಿ, ಚೆನ್ನೈಗಳಂಥ ಉಪ್ಪುಗಾಳಿಯ ಊರುಗಳಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಇದು ಬೇಗನೆ ಆಗುತ್ತದೆ. ತೂತು ಮುಚ್ಚುವ ದ್ರವವನ್ನು ಟೈರಿನೊಳಗೆ ಹೊಯ್ದಿದ್ದರೆ ಅಂಗಡಿಯವನಿಗೆ ಮೊದಲೇ ಹೇಳಬೇಕು. ಅದು ಸೆನ್ಸರಿನ ಸೂಕ್ಷ್ಮ ರಂಧ್ರವನ್ನು ಕಟ್ಟಬಹುದು. ವಯಸ್ಸಾಗಿ ಒಂದು ಸೆನ್ಸರು ಸತ್ತಿದ್ದರೆ ಒಡಹುಟ್ಟಿದ ಉಳಿದ ಮೂರೂ ಹೆಚ್ಚು ದಿನ ಬಾಳವು. ಟೈರು ಬದಲಿಸುವ ಸಮಯದಲ್ಲಿಯೇ ಅವನ್ನೂ ಬದಲಿಸಿದರೆ ಎರಡನೆಯ ಸಲದ ಕೂಲಿ ಉಳಿಯುತ್ತದೆ.

ಶಿಲ್ಕು ತಿದ್ದುವ ಗುಮಾಸ್ತರು

ಇಷ್ಟೆಲ್ಲ ಸರಳವಾಗಿರುವಾಗ ತೊಡಕೆಲ್ಲಿ? ತೊಡಕು ಯಂತ್ರದಲ್ಲಿಲ್ಲ, ನಮ್ಮ ನಡವಳಿಕೆಯಲ್ಲಿದೆ. ದೀಪ ಉರಿದಾಗ ಗಾಳಿಯನ್ನು ಅಳೆಯದೆಯೇ ಗುಂಡಿಯೊತ್ತಿ ದೀಪವನ್ನು ಆರಿಸುವವರಿದ್ದಾರೆ. ಎರಡನೆಯ ಬಗೆಯ ಗಾಡಿಯಲ್ಲಿ ಹೀಗೆ ಮಾಡಿದರೆ ಯಂತ್ರವು ಇಳಿದ ಗಾಳಿಯನ್ನೇ ಸರಿಯಾದ ಗಾಳಿಯೆಂದು ಕಲಿತುಕೊಳ್ಳುತ್ತದೆ. ಗಲ್ಲಾದ ಹಣ ತಾಳೆಯಾಗದಿದ್ದಾಗ ಕೊರತೆಯನ್ನು ಹುಡುಕದೆ ಪುಸ್ತಕದ ಆರಂಭದ ಶಿಲ್ಕನ್ನೇ ತಿದ್ದಿಬಿಡುವ ಗುಮಾಸ್ತನನ್ನು ಯಾವ ಧಣಿ ಮೆಚ್ಚುತ್ತಾನೆ? ಅಡಿಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದಾಗ ಮೂಗು ಮುಚ್ಚಿಕೊಂಡು ಒಲೆ ಹಚ್ಚುವ ಭಟ್ಟರನ್ನು ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ? ಆದರೆ ಅದೇ ಕೆಲಸವನ್ನು ರಸ್ತೆಯ ಮೇಲೆ, ಏಳು ಜನರ ಪ್ರಾಣವನ್ನು ಪಣಕ್ಕಿಟ್ಟು ಮಾಡಿದರೆ ಅದು ಜಾಣತನವೆನಿಸಿಕೊಳ್ಳುತ್ತದೆ! ದೀಪದ ಮೇಲೆ ಪಟ್ಟಿ ಅಂಟಿಸುವುದೂ ಇದೇ ಜಾತಿಯ ಜಾಣತನ.

ಇನ್ನೊಂದು ದಿಕ್ಕಿನಲ್ಲಿ ಕಾರಖಾನೆಗಳ ಮೋಸವುಂಟು. ದೀಪ ಉರಿಯುತ್ತಿದೆ ಎಂದು ಗಾಡಿ ತಂದವನಿಗೆ ಗೇಜು ಹಿಡಿಯುವ ಮೊದಲೇ ನಾಲ್ಕು ಸೆನ್ಸರುಗಳ ಬಿಲ್ಲು ಬರೆಯುವವರಿದ್ದಾರೆ. ಹತ್ತು ನಿಮಿಷದ ಗಾಳಿಯ ಕೆಲಸಕ್ಕೆ ಸಾವಿರಗಟ್ಟಲೆ ತೆತ್ತು ಬಂದ ಬಡ ಟ್ಯಾಕ್ಸಿಯವನು ಮುಂದಿನ ಸಲ ದೀಪ ಉರಿದಾಗ ಪಟ್ಟಿಯನ್ನೇ ಅಂಟಿಸಿದರೆ ಆಶ್ಚರ್ಯವೇನು? ಸುಲಿಗೆಯ ಭಯವೇ ಅಸಡ್ಡೆಯ ತಾಯಿ. ಆದುದರಿಂದ ಅಸಡ್ಡೆಯನ್ನು ಖಂಡಿಸುವವರು ಸುಲಿಗೆಯನ್ನೂ ಖಂಡಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ನ್ಯಾಯವಲ್ಲ.

ಹಳೆಯ ಚಾಲಕರು ಕೆಲವರು ಹೇಳುವುದುಂಟು: 'ನಮ್ಮ ಕಾಲದಲ್ಲಿ ಈ ದೀಪಗಳಿರಲಿಲ್ಲ; ಟೈರನ್ನು ಒದ್ದು ನೋಡಿಯೇ ಗಾಳಿ ಹೇಳುತ್ತಿದ್ದೆವು' ಎಂದು. ಅವರ ಅನುಭವಕ್ಕೆ ನಮ್ಮ ಗೌರವವಿದೆ. ಆದರೆ ಟ್ಯೂಬಿಲ್ಲದ ಇಂದಿನ ಟೈರು 24 ಪೌಂಡಿಗೆ ಇಳಿದಿದ್ದರೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಕಾಲಿಗೆ ಗಟ್ಟಿಯಾಗಿಯೇ ತಾಗುತ್ತದೆ. ಹಾದಿಯೂ ಅಂದಿನದಲ್ಲ. ಅಂದು ಘಟ್ಟದ ತಿರುವುಗಳಲ್ಲಿ ತೆವಳುತ್ತಿದ್ದ ಗಾಡಿ ಇಂದು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡುತ್ತದೆ. ಮೆಲ್ಲನೆ ಹೋಗುವಾಗ ಗಾಳಿ ಇಳಿದರೆ ಗಾಡಿ ನಿಲ್ಲುತ್ತದೆ. ನೂರರ ವೇಗದಲ್ಲಿ ಟೈರು ಒಡೆದರೆ ಗಾಡಿ ಮಗುಚುತ್ತದೆ. ಒದ್ದು ನೋಡುವ ವಿದ್ಯೆಗೆ ಈ ವ್ಯತ್ಯಾಸ ಗೊತ್ತಾಗದು.

'ಬಡವನು ಹೊಟ್ಟೆಗೆ ಹಾಕಿಕೊಳ್ಳಲೇ, ಸೆನ್ಸರಿಗೆ ಹಾಕಲೇ?' ಎಂಬ ಪ್ರಶ್ನೆ ಇದಕ್ಕಿಂತ ಭಾರವಾದುದು. ಅದಕ್ಕೆ ಉತ್ತರವಿಲ್ಲದೆ ಇಲ್ಲ. ಕೈಯ ಗೇಜೊಂದರ ಬೆಲೆ ಮುಂಬಯಿಯಲ್ಲಿ ಇಬ್ಬರು ಹೊಟ್ಟೆತುಂಬ ಊಟಮಾಡುವ ಖರ್ಚಿಗಿಂತ ಬಹಳ ಹೆಚ್ಚಲ್ಲ. ದೀಪವಿಲ್ಲದ ಹಳೆಯ ಗಾಡಿಗಳಿಗೆ, ವಾಲ್ವಿನ ಮುಚ್ಚಳದ ಜಾಗದಲ್ಲಿಯೇ ತಿರುಪಿ ಕೂಡಿಸುವ ಸೆನ್ಸರುಗಳೂ ಪೇಟೆಯಲ್ಲಿ ದೊರೆಯುತ್ತವೆ. ಅವು ಕಳವಾಗಬಹುದು, ಸರಿಯಾಗಿ ಕೂರದಿದ್ದರೆ ಅವೇ ಸೋರಬಹುದು. ಆದರೂ ಏನೂ ಇಲ್ಲದುದಕ್ಕಿಂತ ಮೇಲು. ಮೇಲಾಗಿ ಕಡಮೆ ಗಾಳಿಯ ಟೈರು ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ, ಅಂಚಿನಲ್ಲಿ ಬೇಗನೆ ಸವೆಯುತ್ತದೆ. ಗಾಳಿ ನೋಡದೆ ಉಳಿಸಿದೆವೆಂದುಕೊಂಡ ಹಣ ಇನ್ನೊಂದು ಜೇಬಿನಿಂದ ಹೋಗಿಯೇ ಹೋಗುತ್ತದೆ.

ಆಗಬೇಕಾದುದೇನು?

ಮೊದಲನೆಯದಾಗಿ, ಬಾಡಿಗೆಗೆ ಜನರನ್ನು ಸಾಗಿಸುವ ಎಲ್ಲ ಕಾರುಗಳಿಗೂ ಒತ್ತಡ ನೋಡುವ ವ್ಯವಸ್ಥೆಯನ್ನು ಸರಕಾರ ಕಡ್ಡಾಯ ಮಾಡಬೇಕು. ಅರ್ಹತಾಪತ್ರ ಕೊಡುವ ಸಮಯದಲ್ಲಿ ಆ ದೀಪ ಹೊತ್ತಿ ಆರುತ್ತದೆಯೇ ಎಂದು ನೋಡಬೇಕು. ಸ್ವಂತಕ್ಕೆ ಕಾರು ಇಟ್ಟುಕೊಂಡವನು ತನ್ನ ಪ್ರಾಣಕ್ಕೂ ತನ್ನವರ ಪ್ರಾಣಕ್ಕೂ ಹೊಣೆ. ಬಾಡಿಗೆ ಪಡೆಯುವವನು ಇತರರ ಪ್ರಾಣಕ್ಕೆ ಹೊಣೆ. ಎರಡಕ್ಕೂ ಒಂದೇ ತಕ್ಕಡಿ ಸಾಲದು.

ಎರಡನೆಯದಾಗಿ, ಪೆಟ್ರೋಲು ಬಂಕುಗಳಲ್ಲಿ ಗಾಳಿಯನ್ನು ಉಚಿತವಾಗಿ ಒದಗಿಸಬೇಕೆಂಬುದು ತೈಲ ಕಂಪನಿಗಳೇ ಮಾಡಿರುವ ಕಟ್ಟಳೆ. ಆ ಕಟ್ಟಳೆ ಕಾಗದದ ಮೇಲಿಂದ ಕೊಳವೆಯ ತುದಿಗೆ ಇಳಿಯಬೇಕು. ಯಂತ್ರ ಕೆಟ್ಟಿದೆ, ಹುಡುಗ ಊಟಕ್ಕೆ ಹೋಗಿದ್ದಾನೆ ಎಂಬ ಉತ್ತರ ಬಂದಾಗ ದೂರು ಬರೆಯುವ ಅಭ್ಯಾಸ ನಮಗೆ ಬರಬೇಕು. ಗೇಜು ಸುಳ್ಳು ಹೇಳಿದರೆ ದೀಪ ನಿಜ ಹೇಳಿಯೂ ಪ್ರಯೋಜನವಿಲ್ಲ.

ಮೂರನೆಯದಾಗಿ, ಕಾರಖಾನೆಯವರು ಸೆನ್ಸರು ಬದಲಿಸುವ ಮುಂಚೆ ನಾಲ್ಕೂ ಚಕ್ರಗಳ ಅಳತೆಯನ್ನು ಗಿರಾಕಿಯ ಕಣ್ಣೆದುರಿನಲ್ಲಿ ತೆಗೆದು ಬಿಲ್ಲಿನ ಮೇಲೆ ಬರೆದುಕೊಡಬೇಕು. ಬಿಚ್ಚಿದ ಹಳೆಯ ಸೆನ್ಸರನ್ನು ಅವನ ಕೈಗೇ ಕೊಡಬೇಕು. ಪ್ರಾಮಾಣಿಕ ಅಂಗಡಿಯವನಿಗೆ ಇದರಿಂದ ನಷ್ಟವಿಲ್ಲ. ಅಪ್ರಾಮಾಣಿಕನಿಗೆ ಮಾತ್ರ ಸಂಕಟ.

ನಾಲ್ಕನೆಯದು ನಮ್ಮ ಸಂಘಸಂಸ್ಥೆಗಳಿಗೆ ಸಂಬಂಧಿಸಿದುದು. ಹೊರನಾಡಿನ ಪ್ರತಿಯೊಂದು ಊರಿನಲ್ಲಿಯೂ ಕನ್ನಡಿಗರ ಸಂಘಗಳಿವೆ. ಯಾತ್ರೆಗೆ, ನಾಟಕಕ್ಕೆ, ಊರ ಜಾತ್ರೆಗೆ ಗಾಡಿಗಳನ್ನು ಗೊತ್ತುಮಾಡುವುದೂ ಉಂಟು. ಬಾಡಿಗೆಯ ಚೌಕಾಸಿಯ ಜೊತೆಗೆ ಒಂದು ಷರತ್ತನ್ನೂ ಹಾಕಲಿ: ಹೊರಡುವ ಮುನ್ನ ಎಲ್ಲ ಟೈರುಗಳ ಗಾಳಿಯನ್ನು ನಮ್ಮವರೊಬ್ಬರ ಎದುರಿನಲ್ಲಿ ಅಳೆಯತಕ್ಕದ್ದು, ದೀಪ ಉರಿಯುತ್ತಿರುವ ಗಾಡಿಯನ್ನು ಒಪ್ಪತಕ್ಕದ್ದಲ್ಲ. ಸಂಘದ ಕಪಾಟಿನಲ್ಲಿ ತಬಲ, ಹಾರ್ಮೋನಿಯಂಗಳ ಪಕ್ಕದಲ್ಲಿ ಒಂದು ಗಾಳಿಯ ಗೇಜಿಗೂ ಜಾಗವಿರಲಿ.

ಕೊನೆಯದಾಗಿ, ಪ್ರಯಾಣಿಕನಿಗೆ ಕೇಳುವ ಹಕ್ಕಿದೆ. ಹೊಟೇಲಿಗೆ ಬಂದ ಗಿರಾಕಿ ನೀರಿನ ಲೋಟ ತೊಳೆದಿದೆಯೇ ಎಂದು ಕೇಳಿದರೆ ನಾವು ಸಿಟ್ಟಾಗುವುದಿಲ್ಲ. ಬೇರೆ ಲೋಟ ತಂದಿಡುತ್ತೇವೆ. ಹಾಗೆಯೇ 'ಅಣ್ಣಾ, ಆ ಹಳದಿ ದೀಪ ಯಾಕೆ ಉರಿಯುತ್ತಿದೆ?' ಎಂದು ಚಾಲಕನನ್ನು ಕೇಳುವುದರಲ್ಲಿ ಅವಮಾನವಿಲ್ಲ, ಅಧಿಕಪ್ರಸಂಗವೂ ಇಲ್ಲ. ಚಾಲಕನೂ ನಮ್ಮಂತೆಯೇ ನಿದ್ದೆಗೆಟ್ಟು ದುಡಿಯುವವನು. ಬಂಕಿನಲ್ಲಿ ಹತ್ತು ನಿಮಿಷ ನಿಲ್ಲಲು ನಾವೇ ಒಪ್ಪಿದರೆ ಅವನಿಗೂ ಸಂತೋಷವೇ. ಬೇಗ ಹೋಗೋಣವೆಂದು ಅವಸರಿಸುವ ನಮ್ಮ ಬಾಯಿಯೇ ಎಷ್ಟೋ ಸಲ ಅವನ ಕೈ ಕಟ್ಟಿಹಾಕುತ್ತದೆಂಬುದನ್ನು ಮರೆಯಬಾರದು.

ಊರಿನಲ್ಲಿ ನಮ್ಮ ದಾರಿ ಕಾಯುವ ತಾಯಿ ದೇವರಿಗೆ ಹರಕೆ ಹೊತ್ತಿರುತ್ತಾಳೆ. ಆ ಹರಕೆಯ ಫಲ ದೇವರ ಕೈಯಲ್ಲಿದ್ದರೆ ಇರಲಿ. ಟೈರಿನ ಗಾಳಿ ಮಾತ್ರ ನಮ್ಮ ಕೈಯಲ್ಲಿದೆ. ನ್ಯಾಯಾಲಯವು ಹೊಣೆಯನ್ನು ದೈವದ ತಲೆಯಿಂದ ಇಳಿಸಿ ಮನುಷ್ಯನ ತಲೆಗೆ ಹೊರಿಸಿದ ಮೇಲೆ ಅದನ್ನು ಮತ್ತೆ ದೈವಕ್ಕೆ ಹಿಂದಿರುಗಿಸುವ ಅಧಿಕಾರ ಗಾಡಿಯ ಮಾಲಿಕನಿಗೂ ಇಲ್ಲ, ಚಾಲಕನಿಗೂ ಇಲ್ಲ, ದೀಪ ಉರಿಯುವುದನ್ನು ಕಂಡೂ ಕಣ್ಣುಮುಚ್ಚಿ ಹಿಂದಿನ ಆಸನದಲ್ಲಿ ನಿದ್ರಿಸುವ ನಮಗೂ ಇಲ್ಲ.